ರ್‍ಯಾನ್ಸಮ್‌ವೇರ್ ಹೊಕ್ಕಾಗ ಮೊದಲ 6 ಗಂಟೆ

ಫೈಲುಗಳನ್ನು ಲಾಕ್ ಮಾಡಿ, ಬಿಡಿಸಲು ದುಡ್ಡು ಕೇಳುವ ವೈರಸ್ಸೇ ರ್‍ಯಾನ್ಸಮ್‌ವೇರ್. ಫೈಲುಗಳ ಹೆಸರಿಗೆ ಹೊಸ ಬಾಲ ಅಂಟಿದೆ, ಫೋಲ್ಡರಿನಲ್ಲಿ ದುಡ್ಡು ಕೇಳುವ ಚೀಟಿ ಬಿದ್ದಿದೆ. ಇಂಥ ಹೊತ್ತಿನಲ್ಲಿ ಕಚೇರಿಗಳಲ್ಲಿ ಆಗುವ ದೊಡ್ಡ ಎಡವಟ್ಟು, ಸಂಜೆಯೊಳಗೆ ಎಲ್ಲವನ್ನೂ ಫಾರ್ಮ್ಯಾಟ್ ಮಾಡಿಬಿಡುವುದು. ಕಳ್ಳ ಯಾವ ಬಾಗಿಲಿನಿಂದ ಬಂದ ಎಂಬ ಗುರುತೂ ಅದರೊಂದಿಗೇ ಹೋಗುತ್ತದೆ. ಬಾಗಿಲು ಮಾತ್ರ ತೆರೆದೇ ಇರುತ್ತದೆ.

ಮೊದಲು ನೆಟ್‌ವರ್ಕ್ ಕೇಬಲ್ ಕೀಳಿ, ವೈಫೈ ಆಫ್ ಮಾಡಿ. ಪವರ್ ಬಟನ್ ಮುಟ್ಟಬೇಡಿ. ಓಡುತ್ತಿರುವ ಪ್ರೋಗ್ರಾಮ್‌ಗಳು, ಹೊರಗಿನ ಸಂಪರ್ಕಗಳು, ಕೆಲವೊಮ್ಮೆ ಫೈಲು ಲಾಕ್ ಮಾಡಿದ ಎನ್‌ಕ್ರಿಪ್ಷನ್ ಕೀಲಿಯೂ ತಾತ್ಕಾಲಿಕ ಮೆಮೊರಿಯಾದ ರ್‍ಯಾಮ್‌ನಲ್ಲಿರುತ್ತವೆ. ಕರೆಂಟ್ ಹೋದರೆ ಅವೂ ಹೋದವು. ಕಣ್ಣೆದುರೇ ಫೈಲುಗಳು ಲಾಕ್ ಆಗುತ್ತಿದ್ದು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಪವರ್ ತೆಗೆಯಿರಿ. ವರ್ಚುವಲ್ ಮೆಷಿನ್ (ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್‌ನಿಂದ ನಡೆಯುವ ಇನ್ನೊಂದು ಕಂಪ್ಯೂಟರ್) ಆದರೆ ಮೆಮೊರಿ ಸಮೇತ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಸ್ಥಿತಿಯ ನಕಲು ತೆಗೆಯಲು ಬರುತ್ತದೆ. ಬ್ಯಾಕಪ್ ಡಿಸ್ಕನ್ನೂ ಆಗಲೇ ಬೇರ್ಪಡಿಸಿ, ದಾಳಿಕೋರರ ಕಣ್ಣು ಅದರ ಮೇಲೆಯೇ ಇರುತ್ತದೆ.

ಷೇರ್ಡ್ ಫೋಲ್ಡರ್ ಲಾಕ್ ಆಗಿದೆ ಎಂದರೆ ವೈರಸ್ ಸರ್ವರ್‌ನಲ್ಲೇ ಇದೆ ಎಂದೇನಲ್ಲ. ಚೀಟಿಯ ಫೈಲಿನ ಪ್ರಾಪರ್ಟೀಸ್‌ನಲ್ಲಿ ಓನರ್ ಯಾರೆಂದು ನೋಡಿ. ಸಾಮಾನ್ಯವಾಗಿ ದುರ್ಬಳಕೆಯಾದ ಖಾತೆಯ ಹೆಸರು ಅಲ್ಲೇ ಸಿಗುತ್ತದೆ. ಆ ಖಾತೆ ಯಾವ ಕಂಪ್ಯೂಟರಿನಿಂದ ಲಾಗಿನ್ ಆಗಿದೆಯೋ ಅದೇ ನಿಮ್ಮ ಮುಂದಿನ ಸುಳಿವು.

ಲಾಗ್‌ಗಳನ್ನು (ನಡೆದದ್ದನ್ನೆಲ್ಲ ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆ) ನಾಳೆಗೆ ಬಿಡಬೇಡಿ. ವಿಂಡೋಸ್ ಸೆಕ್ಯುರಿಟಿ ಲಾಗ್‌ನ ಗಾತ್ರ ಸಾಮಾನ್ಯ ಕಂಪ್ಯೂಟರಿನಲ್ಲಿ ತಾನಾಗಿ ಇರುವುದು ಸುಮಾರು 20 ಎಂಬಿ ಮಾತ್ರ, ಕೆಲಸ ಜಾಸ್ತಿ ಇರುವ ಡೊಮೈನ್ ಕಂಟ್ರೋಲರ್‌ನಲ್ಲೂ (ಕಚೇರಿಯ ಲಾಗಿನ್‌ಗಳನ್ನೆಲ್ಲ ಪರಿಶೀಲಿಸುವ ಸರ್ವರ್) ಹಳೆಯ ದಾಖಲೆ ಕೆಲವೇ ಗಂಟೆಗಳಲ್ಲಿ ಅಳಿದು ಹೋಗಬಹುದು. ನಕಲು ತೆಗೆದು ಹುಡುಕಬೇಕಾದ್ದು: 4625 (ವಿಫಲ ಲಾಗಿನ್‌ನ ಘಟನೆ ಸಂಖ್ಯೆ) ಸಾಲುಸಾಲಾಗಿ ಬಂದು ನಂತರ ಒಂದು 4624, ಅಂದರೆ ಯಶಸ್ವಿ ಲಾಗಿನ್ (ಪಾಸ್‌ವರ್ಡ್ ಊಹಿಸಿ ಒಳಬಂದ ಲಕ್ಷಣ, ಲಾಗಿನ್ ಟೈಪ್ 10 ಎಂದಿದ್ದರೆ ರಿಮೋಟ್ ಡೆಸ್ಕ್‌ಟಾಪ್), ಸಿಸ್ಟಮ್ ಲಾಗ್‌ನಲ್ಲಿ 7045 ಎಂದರೆ ಹೊಸ ಸರ್ವಿಸ್, ಸೆಕ್ಯುರಿಟಿ ಲಾಗ್‌ನಲ್ಲಿ 1102 ಎಂದರೆ ಆ ಲಾಗ್ ಅಳಿಸಲಾಗಿದೆ. ಫೈರ್‌ವಾಲ್ ಮತ್ತು ವಿಪಿಎನ್ ಲಾಗ್‌ಗಳೂ ಬೇಕು. ಪ್ರತಿ ನಕಲಿಗೂ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಕೇತ, ಫೈಲು ಬದಲಾದರೆ ಇದೂ ಬದಲಾಗುತ್ತದೆ) ತೆಗೆದು, ಯಾರು, ಯಾವ ಹೊತ್ತಿಗೆ ತೆಗೆದರೆಂದು ಬರೆದಿಡಿ. ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4)ರಡಿ ಡಿಜಿಟಲ್ ದಾಖಲೆಗಳಿಗೆ ಕೊಡುವ ಪ್ರಮಾಣಪತ್ರಕ್ಕೆ ಹ್ಯಾಶ್ ಬೇಕೇ ಬೇಕು.

ಈ ನಡುವೆ ಗಡಿಯಾರ ಓಡುತ್ತಿರುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅದಕ್ಕೆ ವರದಿ ಹೋಗಬೇಕು. ಪೂರ್ತಿ ವಿವರಕ್ಕೆ ಕಾಯಬೇಕಿಲ್ಲ, ಗೊತ್ತಿರುವಷ್ಟು ಕಳಿಸಿ, ಉಳಿದದ್ದು ಆಮೇಲೆ. ಬ್ಯಾಂಕ್ ಖಾತೆಯಿಂದ ಹಣವೂ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಿಮ್ಮವರ ನಡುವಿನ ಮಾತುಕತೆಯೆಲ್ಲ ಫೋನಿನಲ್ಲಿರಲಿ, ಆಫೀಸ್ ಮೇಲ್ ಅನ್ನು ದಾಳಿಕೋರನೂ ಓದುತ್ತಿರಬಹುದು.

ಪಾಸ್‌ವರ್ಡ್ ಬದಲಿಸುವುದು ಸೋಂಕಿಲ್ಲದ ಕಂಪ್ಯೂಟರಿನಿಂದ, ಅದೂ ಕಳ್ಳನ ದಾರಿ ಮುಚ್ಚಿದ ಮೇಲೆ. ಡೊಮೈನ್ ಕಂಟ್ರೋಲರ್‌ಗೇ ಕೈಹಾಕಿದ್ದರೆ ಕೆಆರ್‌ಬಿಟಿಜಿಟಿ (krbtgt, ಲಾಗಿನ್ ಟಿಕೆಟ್‌ಗಳಿಗೆ ಮುದ್ರೆ ಒತ್ತುವ ಒಳಗಿನ ಖಾತೆ) ಖಾತೆಯ ಪಾಸ್‌ವರ್ಡನ್ನು ಎರಡು ಸಲ ಬದಲಿಸಬೇಕು, ಏಕೆಂದರೆ ಅದು ಹಿಂದಿನ ಪಾಸ್‌ವರ್ಡನ್ನೂ ಒಪ್ಪುತ್ತದೆ. ನಡುವೆ 10 ಗಂಟೆಗಿಂತ ಹೆಚ್ಚು ಅಂತರವಿರಲಿ. ಅವಸರ ಮಾಡಿದರೆ ಲಾಗಿನ್‌ಗಳೇ ಕೆಡುತ್ತವೆ.

ಬ್ಯಾಕಪ್ ಆರಿಸುವಾಗ ಫೈಲುಗಳು ಲಾಕ್ ಆದ ದಿನವನ್ನಲ್ಲ, ಲಾಗ್‌ನಲ್ಲಿ ಕಂಡ ಮೊದಲ ಅಕ್ರಮ ಪ್ರವೇಶದ ದಿನವನ್ನು ಲೆಕ್ಕಕ್ಕಿಡಿ. ನಡುವೆ ವಾರಗಳೇ ಕಳೆದಿರಬಹುದು. ಆ ಅವಧಿಯ ಬ್ಯಾಕಪ್‌ನಿಂದ ಡೇಟಾ ಮಾತ್ರ ತೆಗೆದುಕೊಳ್ಳಿ, ಆಪರೇಟಿಂಗ್ ಸಿಸ್ಟಮ್ ಹೊಸದಾಗಿ ಹಾಕಿ.