ಮನೆಯಲ್ಲೇ ಹೊಲಿಯಿರಿ, ಇನ್ನೂರು ವರ್ಷ ಹಿಂದಿನ ಕ್ರವಾಟ್

ನಾಟಕಕ್ಕೋ ಫೋಟೊ ಶೂಟ್‌ಗೋ ಹಳೇ ಕಾಲದ ಇಂಗ್ಲಿಷ್ ದೊರೆಯ ವೇಷ ಬೇಕೆಂದರೆ ಎಲ್ಲರೂ ಕೋಟಿನ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಜನ ಮೊದಲು ನೋಡುವುದು ಕುತ್ತಿಗೆಯನ್ನು! 17ನೇ ಶತಮಾನದಲ್ಲಿ ಫ್ರಾನ್ಸ್ ಪರ ಹೋರಾಡಿದ ಕ್ರೊಯೇಷಿಯಾದ ಸೈನಿಕರಿಂದ ಶುರುವಾದ ಕ್ರವಾಟ್, ಅಂದರೆ ಕುತ್ತಿಗೆಗೆ ಸುತ್ತಿ ಗಂಟು ಹಾಕುವ ಬಟ್ಟೆಯ ಷೋಕಿ ಬಹಳ ಕಾಲ ಬಾಳಿತು. ನಾವು ಹೊಲಿಯುವುದು 1810ರ ಸುಮಾರಿನ ಲಂಡನ್ ಮಾದರಿ. ಬೋ ಬ್ರಮೆಲ್ ಎಂಬ ಷೋಕಿಲಾಲ ಹೆಸರುವಾಸಿ ಮಾಡಿದ, ಗಂಜಿ ಹಾಕಿದ ಬಿಳಿ ಕ್ರವಾಟ್.

ಇದಕ್ಕೆ ಪ್ಯಾಟರ್ನ್ ಬೇಡ, ಕಾಜಾ ಬೇಡ, ಗುಂಡಿ ಬೇಡ. ಅಂಚು ಹೊಲಿದರೆ ಮುಗಿಯಿತು.

ಆಗ ಲಿನನ್ ಅಥವಾ ತೆಳು ಮಸ್ಲಿನ್ ಬಳಸುತ್ತಿದ್ದರು. ಒಳ್ಳೆಯ ಮಸ್ಲಿನ್ ಬಂಗಾಳದಿಂದಲೇ ಹಡಗೇರಿ ಹೋಗುತ್ತಿತ್ತು. ನೀವು ಅಂಗಡಿಯಲ್ಲಿ 44 ಇಂಚು ಅಗಲದ ಬಿಳಿ ಮಲ್‌ಮಲ್ ಒಂದೂಕಾಲು ಮೀಟರ್ ಕೇಳಿ. ಪಾಲಿಯೆಸ್ಟರ್ ಬೆರೆತದ್ದು ಬೇಡ, ಅದು ಗಂಜಿ ಹಿಡಿಯುವುದಿಲ್ಲ. ಬಟ್ಟೆಯನ್ನು ನೆನೆಸಿ ಒಣಗಿಸಿ. ಕುಗ್ಗಿ 42 ಇಂಚು ಉಳಿದರೂ ಸಾಕು.

ಈಗ ಚೌಕ ಕತ್ತರಿಸಬೇಕು. ಸ್ಕೇಲ್ ನಂಬಬೇಡಿ. ಅಡ್ಡಕ್ಕೆ ಒಂದು ನೂಲು ಎಳೆದು ತೆಗೆಯಿರಿ, ಬಟ್ಟೆಯಲ್ಲಿ ಸಣ್ಣ ಗೆರೆ ಮೂಡುತ್ತದೆ. ಅದರ ಮೇಲೆ ಕತ್ತರಿ ಆಡಿಸಿ. ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ತ್ರಿಕೋನ, ಅಂದರೆ ಎರಡು ಕ್ರವಾಟ್. ಒಂದೊಂದರ ಉದ್ದದ ಅಂಚು ಸುಮಾರು 59 ಇಂಚು.

ಮಗ್ಗದಲ್ಲೇ ಬಂದ ಗಟ್ಟಿ ಅಂಚಿಗೆ ಹೊಲಿಗೆ ಬೇಡ. ಉಳಿದ ಎರಡಕ್ಕೆ ಕೈ ಹೊಲಿಗೆಯೇ ಆಗಬೇಕು. ಸೀರೆಗೆ ಮಾಡಿಸುವ ಪಿಕೋ ಬೇಗ ಆಗುತ್ತದೆ ನಿಜ, ಆದರೆ ಮಷೀನ್ ಹೊಲಿಗೆ ಹತ್ತಿರದಿಂದ ಎದ್ದು ಕಾಣುತ್ತದೆ. ಆ ಕಾಲದ ಕಳೆಯೇ ಹೋಗುತ್ತದೆ.

ಸಣ್ಣ ಸೂಜಿ, ತೆಳು ಹತ್ತಿ ದಾರ ಇರಲಿ. ಅಂಚನ್ನು ಕಾಲು ಇಂಚಿಗಿಂತ ಕಡಿಮೆ ಮಡಚಿ. ಮಡಿಕೆಯ ಕೆಳಗೆ ಬಟ್ಟೆಯ ಒಂದೇ ಎಳೆ ಎತ್ತಿ, ಆಮೇಲೆ ಸೂಜಿಯನ್ನು ಮಡಿಕೆಯ ಒಳಗೆ ಸ್ವಲ್ಪ ದೂರ ಓಡಿಸಿ. ಹೀಗೆ ಐದಾರು ಸಲ ಮಾಡಿ, ದಾರ ಸಡಿಲವಾಗಿಯೇ ಇರಲಿ. ಈಗ ಮೆಲ್ಲಗೆ ಎಳೆಯಿರಿ. ಅಂಚು ತಾನಾಗಿ ಒಳಕ್ಕೆ ಸುರುಳಿ ಸುತ್ತಿಕೊಂಡು ದಾರ ಮಾಯವಾಗುತ್ತದೆ. ಇದನ್ನು ನೋಡುವುದೇ ಒಂದು ಖುಷಿ. ಉದ್ದದ ಓರೆ ಅಂಚನ್ನು ಕೊನೆಗೆ ಇಟ್ಟುಕೊಳ್ಳಿ. ಜಾಸ್ತಿ ಎಳೆದರೆ ಅದು ಹಿಗ್ಗಿ ಅಲೆ ಅಲೆಯಾಗುತ್ತದೆ.

ಗಂಜಿ ತೆಳ್ಳಗಿರಲಿ. ಅನ್ನದ ಗಂಜಿ ಸೋಸಿ ನೀರು ಬೆರೆಸಿದರೂ ಆಯಿತು. ತೇವ ಇರುವಾಗಲೇ ಇಸ್ತ್ರಿ ಮಾಡಿ. ತ್ರಿಕೋನದ ತುದಿಯನ್ನು ಉದ್ದದ ಅಂಚಿಗೆ ತಂದು ಮಡಚಿ, ಮತ್ತೆರಡು ಸಲ ಅರ್ಧ ಮಾಡಿ. ನಡುವೆ ನಾಲ್ಕಿಂಚು ಅಗಲದ ಪಟ್ಟಿ ಸಿಗುತ್ತದೆ. ಮಡಿಕೆಗಳ ಮೇಲೆ ಮತ್ತೆ ಇಸ್ತ್ರಿ ಬೇಡ.

ಶರ್ಟ್ ಕಾಲರ್ ಎತ್ತಿ, ಪಟ್ಟಿಯ ನಡುಭಾಗವನ್ನು ಗಂಟಲಿನ ಮುಂದೆ ಇಡಿ. ತುದಿಗಳನ್ನು ಹಿಂದೆ ಒಯ್ದು, ಅಡ್ಡ ಹಾಯಿಸಿ, ಮುಂದೆ ತಂದು ಗಂಟು ಹಾಕಿ. ಆಗ ಗದ್ದ ಮೇಲಕ್ಕಿರಲಿ. ನಂತರ ನಿಧಾನವಾಗಿ ತಗ್ಗಿಸಿದರೆ ನೆರಿಗೆಗಳು ತಾವಾಗಿ ಕೂರುತ್ತವೆ. ಬ್ರಮೆಲ್ ಮಾಡುತ್ತಿದ್ದದ್ದೂ ಹೀಗೇ. ಸರಿಯಾಗಿ ಕೂರದಿದ್ದರೆ ಎಸೆದು ಬೇರೆಯದು ತೆಗೆದುಕೊಳ್ಳುತ್ತಿದ್ದನಂತೆ. ನಮಗೆ ಅಷ್ಟು ದೌಲತ್ತು ಬೇಡ, ನೀರು ಚಿಮುಕಿಸಿ ಇನ್ನೊಮ್ಮೆ ಇಸ್ತ್ರಿ ಮಾಡಿದರಾಯಿತು. ಬೀರುವಿನಲ್ಲಿ ಇಡುವ ಮುಂಚೆ ಮಾತ್ರ ಗಂಜಿ ಪೂರ್ತಿ ತೊಳೆಯಿರಿ. ಇಲ್ಲದಿದ್ದರೆ ಜಿರಳೆ ಕಡಿದೀತು.