ಜಾಬ್ ವರ್ಕ್ ಲೆಕ್ಕಕ್ಕೆ ಆ್ಯಪ್‌ಶೀಟ್: ಪೀಣ್ಯದ ನಮ್ಮ ಘಟಕದ ಅನುಭವ

ಜಾಬ್ ವರ್ಕ್‌ಗೆ, ಅಂದರೆ ಪ್ಲೇಟಿಂಗ್‌ಗೂ (ಲೋಹದ ಲೇಪ) ಹೀಟ್ ಟ್ರೀಟ್‌ಮೆಂಟ್‌ಗೂ ಹೊರಗಿನವರಿಗೆ ಕಳುಹಿಸಿದ ಮಾಲಿನಲ್ಲಿ ಎಷ್ಟು ಹಿಂದಿರುಗಿತು, ಎಷ್ಟು ಬಾಕಿ ಉಳಿಯಿತು ಎಂಬ ಲೆಕ್ಕವನ್ನು ಕೋಡ್ ಬರೆಯದೆಯೇ ಶೀಟಿನಿಂದ ಆ್ಯಪ್ ಕಟ್ಟಲು ನೆರವಾಗುವ ಗೂಗಲ್‌ನ ಆ್ಯಪ್‌ಶೀಟ್‌ನಲ್ಲಿ ನಾನೇ ಕಟ್ಟುತ್ತೇನೆಂದಾಗ ನಮ್ಮ ಲೆಕ್ಕಪರಿಶೋಧಕರು ಒಪ್ಪಲಿಲ್ಲ. ಇಆರ್‌ಪಿ (ಇಡೀ ಉದ್ಯಮದ ಲೆಕ್ಕ ನೋಡುವ ತಂತ್ರಾಂಶ) ಮಾರುವವರೊಬ್ಬರು ಇದೇ ಕೆಲಸಕ್ಕೆ ಸುಮಾರು ನಾಲ್ಕು ಲಕ್ಷ ರೂಪಾಯಿ ಹೇಳಿ, ಗೂಗಲ್ ಶೀಟಿನ ಮೇಲೆ ಕಟ್ಟಿದ್ದು ಆರು ತಿಂಗಳೂ ನಿಲ್ಲದು ಎಂದಿದ್ದರು. ಈಗ ಎರಡು ವರ್ಷ ದಾಟಿದೆ. ನಮ್ಮ ವಹಿವಾಟು ಐದು ಕೋಟಿ ಮೀರಿರುವುದರಿಂದ ಆರು ತಿಂಗಳಿಗೊಮ್ಮೆ ಸಲ್ಲಿಸಬೇಕಾದ ಐಟಿಸಿ-04ಕ್ಕಾಗಿ (ಜಾಬ್ ವರ್ಕ್ ಮಾಲಿನ ಜಿಎಸ್‌ಟಿ ವಿವರಪತ್ರ) ಹಿಂದೆ ಇಬ್ಬರು ನಾಲ್ಕೈದು ದಿನ, ಮಾಲಿನ ಜತೆ ಹೋಗುವ ಚಲನ್‌ಗಳ ಕಟ್ಟುಗಳನ್ನು ತಿರುವಿಹಾಕುತ್ತಿದ್ದರು. ಈಗ ಒಂದು ಮಧ್ಯಾಹ್ನ ಸಾಕು.

ಅತಿ ಹೆಚ್ಚು ಕಾಡಿದ್ದು ಚಲನ್ ಸಂಖ್ಯೆ. ಜಿಎಸ್‌ಟಿಯ 55ನೇ ನಿಯಮದಂತೆ ಅದು ಅನುಕ್ರಮವಾಗಿರಬೇಕು, 16 ಅಕ್ಷರ ಮೀರಬಾರದು. ಹಿಂಬದಿಯ ಗೋದಾಮಿನಲ್ಲಿ ಸಿಗ್ನಲ್ ಸಿಗದ ಕಾರಣ ಎರಡು ಫೋನ್‌ಗಳು ಆಫ್‌ಲೈನ್ ಇದ್ದಾಗ, ಕೊನೆಯ ಸಂಖ್ಯೆಗೆ ಒಂದು ಕೂಡಿಸುವ ಸೂತ್ರವು ಇಬ್ಬರಿಗೂ ಒಂದೇ ಸಂಖ್ಯೆ ಕೊಟ್ಟಿತು. ಬೇರೆ ಬೇರೆ ಪ್ಲೇಟರ್‌ಗಳಿಗೆ ಹೋದ ಎರಡು ಲೋಡ್ ಒಂದೇ ಚಲನ್ ಸಂಖ್ಯೆ ಹೊತ್ತವು. ಆ ಬಳಿಕ ಪ್ರತಿ ಸಾಲನ್ನು ಗುರುತಿಸುವ ಕೀ ಕಾಲಂಗೆ ಯೂನಿಕ್‌ಐಡಿ (ಪುನರಾವರ್ತನೆಯಾಗದ ಗುರುತು) ಇಟ್ಟು, ಚಲನ್ ಸಂಖ್ಯೆಯನ್ನು ಪ್ರತ್ಯೇಕ ಕಾಲಂಗೆ ಸರಿಸಿ, ಸಾಲು ಸರ್ವರ್ ತಲುಪಿದ ನಂತರವೇ ಅದು ತುಂಬುವಂತೆ ಮಾಡಿದೆ. ಗೇಟಿಗೆ ಎರಡು ಸಾವಿರ ರೂಪಾಯಿಯ ರೂಟರ್ ಹಾಕಿಸಿ, ಸಂಖ್ಯೆ ಬಾರದೆ ಗಾಡಿ ಹೊರಡದಂತೆ ಕಟ್ಟುನಿಟ್ಟು ಮಾಡಿದೆ. ಎರಡು ಸಾಲುಗಳು ಒಂದೇ ಕ್ಷಣದಲ್ಲಿ ಬಂದಾಗ ಸಂಖ್ಯೆಗಳು ಘರ್ಷಿಸದಂತೆ ಹೆಣೆದಿರುವ ಏರ್ಪಾಡನ್ನು ಮಾತ್ರ ನಾನು ಇಲ್ಲಿ ಬಿಚ್ಚಿಡುವುದಿಲ್ಲ. ಅದಕ್ಕಾಗಿ ಹಲವು ವಾರ ನಿದ್ದೆಗೆಟ್ಟಿದ್ದೇನೆ.

ಬಾಕಿ ತೋರಿಸಲು ಮೊದಲು ವರ್ಚುವಲ್ ಕಾಲಂ, ಅಂದರೆ ಶೀಟಿನಲ್ಲಿ ಇಲ್ಲದೆ ಆ್ಯಪ್‌ನಲ್ಲೇ ಲೆಕ್ಕವಾಗುವ ಕಾಲಂ ಬಳಸಿದ್ದೆ. ಪ್ರತಿ ಸಿಂಕ್‌ನಲ್ಲೂ (ಫೋನೂ ಸರ್ವರೂ ಮಾಹಿತಿ ಹೊಂದಿಸಿಕೊಳ್ಳುವಾಗ) ಅದರ ಲೆಕ್ಕ ಹೊಸದಾಗಿ ನಡೆಯುವುದರಿಂದ ಸಾಲುಗಳು ಎಂಟು ಸಾವಿರದ ಆಸುಪಾಸಿಗೆ ಬಂದಾಗ ಸಿಂಕ್‌ಗೆ ಒಂದು ನಿಮಿಷ ಹಿಡಿಯತೊಡಗಿತು. ಮಾಲು ಮರಳಿದಾಗಲೆಲ್ಲ ಬಾಕಿಯನ್ನು ನಿಜವಾದ ಕಾಲಂಗೆ ಬರೆಸಿ, ಮುಗಿದ ಚಲನ್‌ಗಳು ಫೋನಿಗೆ ಇಳಿಯದಂತೆ ಸೆಕ್ಯುರಿಟಿ ಫಿಲ್ಟರ್‌ನಿಂದ ತಡೆದ ಮೇಲೆ ಏಳೆಂಟು ಸೆಕೆಂಡಿಗೆ ಇಳಿಯಿತು.

ನಡುವೆ ತೂಕದ ಪ್ರಯೋಗವೊಂದನ್ನೂ ನಡೆಸಿದೆ. ಎಣಿಕೆಯ ಬದಲು ಒಟ್ಟು ತೂಕವನ್ನು ಒಂದು ಬಿಡಿಯ ತೂಕದಿಂದ ಭಾಗಿಸುವ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ. ಆದರೆ 1.6 ಮಿ.ಮೀ. ದಪ್ಪದ ವಾಷರ್‌ನ ಎರಡೂ ಮುಖಗಳಿಗೆ ಎಂಟೆಂಟು ಮೈಕ್ರಾನ್ ಸತು ಏರಿದರೆ ತೂಕವೇ ಶೇ 1ರಷ್ಟು ಹೆಚ್ಚುತ್ತದೆ. ಹತ್ತು ಸಾವಿರದಲ್ಲಿ ನೂರು ವಾಷರ್ ಕಡಿಮೆ ಬಂದರೂ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಹೀಗಾಗಿ ಮರಳಿದ ಪ್ರತಿ ಲಾಟಿನಿಂದ ನೂರು ಬಿಡಿಗಳನ್ನು ಎಣಿಸಿ ತೂಗಿ, ಆ ತೂಕವನ್ನು ನಮೂದಿಸದೆ ಫಾರಂ ಸೇವ್ ಆಗದಂತೆ ಕಡ್ಡಾಯಗೊಳಿಸಿದೆ. ವರ್ಷಗಳಿಂದ ಹೊಂದದಿದ್ದ ವಾಷರ್ ದಾಸ್ತಾನು ಅಂದಿನಿಂದ ಹೊಂದುತ್ತಿದೆ.

ಖರ್ಚಿನ ಮಾತಿಗೆ ಬಂದರೆ, ಆ್ಯಪ್‌ಶೀಟ್‌ನ ಕೋರ್ ಯೋಜನೆಗೆ ತಿಂಗಳಿಗೆ ತಲಾ 10 ಡಾಲರ್‌ನಂತೆ ಆರು ಮಂದಿಗೆ ಐದು ಸಾವಿರ ರೂಪಾಯಿ ಚಿಲ್ಲರೆ. ಜಿಎಸ್‌ಟಿ ಕಾಯ್ದೆಯ 143ನೇ ಕಲಂ ಪ್ರಕಾರ ಇನ್‌ಪುಟ್ ಮಾಲು (ತಯಾರಿಕೆಗೆ ಬಳಸುವ ಸರಕು) ಒಂದು ವರ್ಷದೊಳಗೆ ಮರಳಬೇಕಾದ್ದರಿಂದ, ಹತ್ತನೇ ತಿಂಗಳಿಗೇ ಪ್ಲೇಟರ್‌ಗೂ ನನಗೂ ಆ್ಯಪ್‌ನ ಬಾಟ್‌ನಿಂದ (ತಾನಾಗಿಯೇ ನಡೆಯುವ ಏರ್ಪಾಡು) ಮಿಂಚಂಚೆ ಹೋಗುತ್ತದೆ. ಗಡುವು ಮೀರಿದ ಮಾಲಿಗೆ ತೆರಿಗೆಯನ್ನೂ ಬಡ್ಡಿಯನ್ನೂ ಕಟ್ಟುವ ಪ್ರಮೇಯ ಈ ಎರಡು ವರ್ಷದಲ್ಲಿ ಬಂದಿಲ್ಲ. ಗೇಜ್ ಕ್ಯಾಲಿಬ್ರೇಷನ್‌ನ (ಅಳತೆ ಸಾಧನಗಳ ನಿಖರತೆ ತಪಾಸಣೆ) ಗಡುವುಗಳನ್ನೂ ಈಗ ಇದೇ ಖಾತೆಯಲ್ಲಿ ಜೋಡಿಸುತ್ತಿದ್ದೇನೆ.