ಕಣ್ಣಿಗೆ ಕಾಣದ ಕೆಲಸಕ್ಕೆ ಹೆಚ್ಚಿನ ಕೂಲಿ: ಅಡಿಕೆ ತೋಟದಲ್ಲಿ ನನ್ನ ಅನುಭವ

ಅಡಿಕೆ ಸುಲಿದವರಿಗೆ ಕೆ.ಜಿ. ಲೆಕ್ಕದಲ್ಲಿ ಕೂಲಿ ಕೊಡುವುದರಲ್ಲಿ ತಕರಾರಿಲ್ಲ. ತೂಗಿದರೆ ಮುಗಿಯಿತು. ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಮದ್ದು ಹೊಡೆಯುವ ಕೆಲಸ ಹಾಗಲ್ಲ. ಅಷ್ಟೆತ್ತರದಲ್ಲಿ, ಸೋಗೆಯ ಮರೆಯಲ್ಲಿ ಮರ ಹತ್ತುವ ಕೊನೆಗಾರ ಕೊನೆಯ, ಅಂದರೆ ಅಡಿಕೆ ಗೊಂಚಲಿನ, ಒಳಮೈ ತೋಯಿಸಿದನೋ ಇಲ್ಲವೋ ಎಂಬುದು ಕೆಳಗೆ ನಿಂತವನಿಗೆ ಕಾಣುವುದಿಲ್ಲ. ಗೊತ್ತಾಗುವುದು ಆಷಾಢದ ಮಳೆಯಲ್ಲಿ ಹಸಿ ಕಾಯಿ ಬುಡಕ್ಕೆ ಉದುರಿದಾಗ. ಆಗಲೂ ತಪ್ಪು ಕೈಯದೋ ಮಳೆಯದೋ ಹೇಳಲಾಗದು.

ನಮ್ಮ ಕಡೆ ಮದ್ದಿಗೆ ಡ್ರಮ್ ಲೆಕ್ಕದ ಗುತ್ತಿಗೆಯೂ ಉಂಟು. ಡ್ರಮ್ ಬೇಗ ಖಾಲಿಯಾದಷ್ಟೂ ಹೊಡೆಯುವವನಿಗೆ ಲಾಭ, ನಿಧಾನಿಸಿ ಹೊಡೆದವನಿಗೆ ನಷ್ಟ. ನಾನು ಅದನ್ನು ಬಿಟ್ಟು ದಿನಗೂಲಿ ಮಾಡಿದೆ. ಊರಿನ ದರದ ಮೇಲೆ ಸುಮಾರು ಐದನೇ ಒಂದು ಪಾಲು ಹೆಚ್ಚು ಕೊಟ್ಟೆ. ಮಳೆ ಹನಿಯುವಾಗ ಯಾರನ್ನೂ ಮರ ಹತ್ತಿಸುವುದಿಲ್ಲ, ನಡುವೆ ಕೆಲಸ ನಿಂತರೂ ಪೂರ್ತಿ ಕೂಲಿ ಎಂದೆ. ಕೊಯ್ಲೂ ಅದೇ ತಂಡಕ್ಕೆ.

ಬದಲಾವಣೆ ಮೊದಲು ಕಂಡದ್ದು ಮದ್ದು ಕಲಸುವಲ್ಲಿ. ಕೊಳೆರೋಗಕ್ಕೆ ಹೊಡೆಯುವ ಮದ್ದಾದ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ. ಸುಣ್ಣ ಸತ್ವ ಕಳೆದುಕೊಂಡಿದ್ದರೆ ಹದ ಕೆಡುತ್ತದೆ. ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿಟ್ಟು ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಇನ್ನೂ ಸುಣ್ಣ ಬೇಕೆಂದು ಅರ್ಥ. ಈ ಪರೀಕ್ಷೆಯನ್ನು ಕೊನೆಗಾರ ನಾನು ಹೇಳದೆಯೇ ಮಾಡತೊಡಗಿದ. "ಹೆಗಡೇರೆ, ಇನ್ನೊಂದು ಮುಷ್ಟಿ ಸುಣ್ಣ ಹಾಕೋಣ" ಎನ್ನುತ್ತಾನೆ. ರೋಗ ಹತ್ತಿದ ಕೊನೆ ಕಂಡರೆ ಇಳಿದು ಬಂದು ಯಾವ ಸಾಲಿನ ಮರ ಎಂದು ತೋರಿಸುತ್ತಾನೆ. ಹೆಚ್ಚು ಕೊಟ್ಟ ದುಡ್ಡಿಗೆ ಬಂದ ದೊಡ್ಡ ಲಾಭ ನನ್ನ ಲೆಕ್ಕದಲ್ಲಿ ಈ ಸುದ್ದಿಯೇ. ಮರದ ತಲೆಯ ಸಂಗತಿ ಅವನು ಹೇಳದೆ ನನಗೆ ತಿಳಿಯುವ ದಾರಿಯೇ ಇಲ್ಲ.

ಒಳ್ಳೆ ಕೆಲಸಕ್ಕಾಗಿ ಊರಿನ ದರಕ್ಕಿಂತ ಹೆಚ್ಚು ಕೊಡುವ ಇದನ್ನು ಅರ್ಥಶಾಸ್ತ್ರದವರು ದಕ್ಷತಾ ವೇತನ ಎನ್ನುತ್ತಾರೆ. 1914ರಲ್ಲಿ ಅಮೆರಿಕದ ಕಾರು ತಯಾರಕ ಹೆನ್ರಿ ಫೋರ್ಡ್ ದಿನಕ್ಕೆ ಐದು ಡಾಲರ್ ಕೂಲಿ ಘೋಷಿಸಿದ್ದು ಇದರ ಹೆಸರಾಂತ ಉದಾಹರಣೆ. ಅಲ್ಲಿಯವರೆಗೆ ಅವರ ಕಾರ್ಖಾನೆಯಲ್ಲಿ ಜನ ನಿಲ್ಲುತ್ತಲೇ ಇರಲಿಲ್ಲ. ಕಾರಣ ಕೊಡುವಾಗ ಮಾತ್ರ ಪಂಡಿತರು ಎರಡು ದಾರಿ ಹಿಡಿಯುತ್ತಾರೆ. 1984ರಲ್ಲಿ ಶಪಿರೋ ಮತ್ತು ಸ್ಟಿಗ್ಲಿಟ್ಸ್ ಹೇಳಿದ್ದು ಭಯದ ಮಾತು: ಒಳ್ಳೆ ಸಂಬಳದ ಕೆಲಸ ಹೋದರೆ ಮತ್ತೆ ಸಿಗದು, ಹಾಗಾಗಿ ಯಾರೂ ಮೈಗಳ್ಳತನ ಮಾಡರು. ನಮ್ಮಲ್ಲಿ ಅದು ನಡೆಯುವುದಿಲ್ಲ. ಕೊನೆಗಾರರೇ ಸಿಗದ ಕಾಲವಿದು. ನನ್ನ ತೋಟ ಬಿಟ್ಟರೆ ಅವನಿಗೆ ಮರುದಿನವೇ ಬೇರೆ ಹತ್ತು ತೋಟ. 1982ರಲ್ಲಿ ಅಕರ್ಲಾಫ್ ಹೇಳಿದ ಕೊಡು-ಕೊಳ್ಳುವಿಕೆಯೇ ನನಗೆ ಹೊಂದುತ್ತದೆ: ಕೊಡಲೇಬೇಕಾದ್ದಕ್ಕಿಂತ ಹೆಚ್ಚು ಕೊಟ್ಟರೆ ಮಾಡಲೇಬೇಕಾದ್ದಕ್ಕಿಂತ ಹೆಚ್ಚು ಕೆಲಸ ಬರುತ್ತದೆ. ನನಗೆ ದುಡ್ಡಿಗಿಂತ ಮಳೆಯ ದಿನದ ಮಾತೇ ಅಲ್ಲಿ ಹೆಚ್ಚು ಕೆಲಸ ಮಾಡಿದಂತೆ ಕಾಣುತ್ತದೆ. ಜಾರುವ ಮರದ ಮೇಲೆ ಜೀವ ಇಟ್ಟವನಿಗೆ ಅದರ ಬೆಲೆ ಗೊತ್ತು.

"ನೀವು ದರ ಏರಿಸಿಬಿಟ್ಟಿರಿ" ಎಂದು ನೆರೆಯವರು ಮುನಿದದ್ದೂ ಉಂಟು. ಎಕರೆ, ಅರ್ಧ ಎಕರೆಯವರಿಗೆ ಈ ಕೂಲಿ ನಿಜಕ್ಕೂ ಭಾರ. ನಾಲ್ಕಾರು ತೋಟದವರು ಸೇರಿ ಒಂದೇ ತಂಡಕ್ಕೆ ಮದ್ದು, ಕೊಯ್ಲು ಎರಡನ್ನೂ ಗೊತ್ತು ಮಾಡಿದರೆ ನಿಭಾಯಿಸಬಹುದು. ನಮ್ಮ ಕೇರಿಯಲ್ಲಿ ಈಗ ಆ ಮಾತುಕತೆ ನಡೆದಿದೆ. ಮುಂಗಾರಿಗೆ ಮೊದಲಿನ ಮದ್ದಿನ ಸುತ್ತು ಯಾರ ತೋಟದಿಂದ ಶುರು ಎಂಬುದೊಂದು ಇನ್ನೂ ಬಗೆಹರಿಯಬೇಕು.